ನೆಲವೇ ಇಲ್ಲದ ಮನೆಗೆ ಬಾಡಿಗೆ ಎಷ್ಟು?

ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಕಾಲರ್ ಮೈಕ್ ಬಿಚ್ಚಿಡುತ್ತಿದ್ದೆ. ವಾಟ್ಸಾಪ್‌ಗೆ ಒಂದು ವಿಡಿಯೊ ಬಂತು. ಕಳಿಸಿದವನು ಇಂಜಿನಿಯರಿಂಗ್ ಕಾಲೇಜಿನ ನನ್ನ ಹಾಸ್ಟೆಲ್ ರೂಮ್‌ಮೇಟ್. 2024ರ ಸೆಪ್ಟೆಂಬರ್ ಅದು. ಅವನು ಕೆಲಸದ ಮೇಲೆ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಎರಡು ವಾರ ಆಗಿತ್ತು. ವಿಡಿಯೊದಲ್ಲಿ ಒಂದು ಖಾಲಿ ಮನೆ. ಗೋಡೆ ಇದೆ, ಕಿಟಕಿ ಇದೆ. ಬಲ್ಬ್ ಇಲ್ಲ, ಬಲ್ಬ್ ಇರಬೇಕಾದ ಕಡೆ ಎರಡು ವೈರ್ ನೇತಾಡುತ್ತಿವೆ. ಪರದೆ ಇಲ್ಲ. ಅಡುಗೆಮನೆಯಲ್ಲಿ ಒಲೆ ಇಲ್ಲ. ಕ್ಯಾಮೆರಾ ಕೆಳಗೆ ಬಗ್ಗಿತು. ಒರಟು ಸಿಮೆಂಟು. ಹಿಂದಿನಿಂದ ಅವನ ಧ್ವನಿ: "ಲೋ, ಇಲ್ಲಿ ನೆಲಾನೇ ಇಲ್ಲ ಕಣೋ. ಇದಕ್ಕೆ ತಿಂಗಳಿಗೆ ಸಾವಿರದೈನೂರು ಯೂರೊ ಅಂತೆ!"

ನಕ್ಕೆ. ಆದರೆ ಮುಂದಿನ ಒಂದು ವರ್ಷ ಅವನ ಮನೆಯ ಕಥೆ ಕೇಳಿದ ಮೇಲೆ ನಗು ಹೋಯ್ತು, ಯೋಚನೆ ಬಂತು. ಅದಕ್ಕೇ ಈ ಬರಹ. ನಿಮ್ಮ ಮಗನೋ ಮಗಳೋ, ಅಳಿಯನೋ, ಪಕ್ಕದ ಮನೆಯ ಹುಡುಗನೋ ನೆದರ್‌ಲ್ಯಾಂಡ್ಸ್‌ಗೆ ಹೊರಟಿದ್ದರೆ ಸ್ವಲ್ಪ ಗಮನ ಕೊಟ್ಟು ಓದಿ. ಐಂಡ್‌ಹೋವನ್‌ನಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿ ಈಗ ಕನ್ನಡ ಮಾತು ಕಿವಿಗೆ ಬೀಳೋದು ಆಶ್ಚರ್ಯವೇನಲ್ಲ. ಅವರಲ್ಲಿ ಹೆಚ್ಚಿನವರು ಅಲ್ಲಿ ಇಳಿದ ದಿನ ಎದುರಿಸುವ ಮೊದಲ ಪರೀಕ್ಷೆ ಭಾಷೆಯದ್ದಲ್ಲ, ಚಳಿಯದ್ದೂ ಅಲ್ಲ. ಮನೆಯದ್ದು.

ಮೊದಲು ಆ ನೆಲದ ವಿಷಯ ಮುಗಿಸಿಬಿಡೋಣ. ಡಚ್ ಜಾಹೀರಾತುಗಳಲ್ಲಿ ಮೂರು ಪದ ಬರುತ್ತವೆ. ಒಂದು, 'ಕಾಲ್'. ಅಂದರೆ ಬೋಳು. ಬೋಳು ಅಂದರೆ ನಿಜಕ್ಕೂ ಬೋಳು. ನೆಲದ ಹೊದಿಕೆ, ಪರದೆ, ದೀಪ ಎಲ್ಲ ಬಾಡಿಗೆದಾರನೇ ಹಾಕಿಸಿಕೊಳ್ಳಬೇಕು. ಖಾಲಿ ಮಾಡುವಾಗ ಮರದ ನೆಲವನ್ನು ಕಿತ್ತುಕೊಂಡು ಹೋಗುವವರೂ ಇದ್ದಾರೆ, ಮುಂದೆ ಬರುವವನಿಗೆ ಮಾರಿ ಹೋಗುವವರೂ ಇದ್ದಾರೆ. ಎರಡನೆಯದು, 'ಖೆಸ್ಟೊಫೇರ್ಡ್'. ನೆಲ, ಪರದೆ, ಸಾಮಾನ್ಯವಾಗಿ ಅಡುಗೆಮನೆಯ ಉಪಕರಣ ಇರುತ್ತವೆ. ಮಂಚ ಮೇಜು ಇರಲ್ಲ. ಮೂರನೆಯದು, 'ಖೆಮ್ಯೂಬಿಲೇರ್ಡ್'. ಸೂಟ್‌ಕೇಸ್ ಹಿಡಿದು ಒಳಗೆ ಹೋದರೆ ಸಾಕು. ನನ್ನ ಗೆಳೆಯ ಮೊದಲನೆಯದನ್ನು ನೋಡಿ ಬೆಚ್ಚಿಬಿದ್ದು ಎರಡನೆಯದಕ್ಕೆ ಬಂದು ನಿಂತ.

ಅವನಿಗೆ ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರ ಬೇಕಿತ್ತು. ಜನವರಿಯಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳು ಬರುವವರಿದ್ದರು. ಹುಡುಕುತ್ತಾ ಹುಡುಕುತ್ತಾ ಹೋಗಿ ನಿಂತಿದ್ದು ಊರಿನ ನಡುಮಧ್ಯೆ ಇರುವ ಯೋರ್ಡಾನ್ ಎಂಬ ಬಡಾವಣೆಯಲ್ಲಿ.

ಯೋರ್ಡಾನ್ ಅಂದರೆ ಇವತ್ತು ಪ್ರವಾಸಿಗರ ಕ್ಯಾಮೆರಾ ತಪ್ಪಿಸಿಕೊಳ್ಳಲಾಗದ ಜಾಗ. ಕಾಲುವೆ, ಸೇತುವೆ, ಸೈಕಲ್, ಕಿಟಕಿಯಲ್ಲಿ ಹೂವು. ಬೀದಿಗಳ ಹೆಸರೂ ಹಾಗೇ, ಗುಲಾಬಿ ಕಾಲುವೆ, ಹೂವಿನ ಕಾಲುವೆ ಅಂತೆಲ್ಲ. ಆದರೆ ಹದಿನೇಳನೇ ಶತಮಾನದ ಆರಂಭದಲ್ಲಿ ಊರು ಬೆಳೆದಾಗ ಇದನ್ನು ಕಟ್ಟಿದ್ದು ಶ್ರೀಮಂತರಿಗಲ್ಲ. ಶ್ರೀಮಂತ ವರ್ತಕರಿಗೆ ಪಕ್ಕದಲ್ಲೇ ಅಗಲ ಕಾಲುವೆಗಳ ದಂಡೆ, ಕೂಲಿಕಾರರಿಗೆ, ಕುಶಲಕರ್ಮಿಗಳಿಗೆ, ವಲಸಿಗರಿಗೆ ಈ ಕಿರಿದಾದ ಓಣಿಗಳು. ದಿವಾಳಿಯಾದ ಮೇಲೆ ಚಿತ್ರಕಾರ ರೆಂಬ್ರಾಂಟ್ ಬಂದು ಸೇರಿದ್ದು ಇಲ್ಲಿಗೇ, ರೋಜನ್‌ಗ್ರಾಕ್ಟ್ ಎಂಬ ಬೀದಿಗೆ. 1669ರಲ್ಲಿ ತೀರಿಕೊಂಡಾಗ ಪಕ್ಕದ ವೆಸ್ಟರ್‌ಕೆರ್ಕ್ ಚರ್ಚಿನಲ್ಲಿ ಹೂಳಿದರು. 1900ರ ಹೊತ್ತಿಗೆ ಈ ಪುಟ್ಟ ಬಡಾವಣೆಯಲ್ಲಿ ಸುಮಾರು 80 ಸಾವಿರ ಜನ ತುಂಬಿಕೊಂಡಿದ್ದರು. ಒಂದೇ ಕೋಣೆಯಲ್ಲಿ ಒಂದಿಡೀ ಸಂಸಾರ. ಇವತ್ತು ಅಲ್ಲಿರುವವರು ಸುಮಾರು 20 ಸಾವಿರ. ಮನೆಗಳು ಬಹುಪಾಲು ಅವೇ. ಆಗ ಬಡವನಿಗೆ ಬೇಡವಾಗಿದ್ದ ಕೋಣೆಗೆ ಈಗ ಸಾಫ್ಟ್‌ವೇರ್ ಇಂಜಿನಿಯರ್ ಕ್ಯೂ ನಿಲ್ಲುತ್ತಾನೆ.

ಕ್ಯೂ ಅಂದೆನಲ್ಲ, ಅದು ಮಾತಿಗೆ ಹೇಳಿದ್ದಲ್ಲ. ದೇಶದಲ್ಲಿ ಸುಮಾರು 4 ಲಕ್ಷ ಮನೆಗಳ ಕೊರತೆ ಇದೆ ಎಂದು 2024ರ ಅಂದಾಜು. 1.8 ಕೋಟಿ ಜನರ ದೇಶಕ್ಕೆ ಅದು ಸಣ್ಣ ಸಂಖ್ಯೆ ಅಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಮನೆಗಳಲ್ಲಿ ಹತ್ತಕ್ಕೆ ಸುಮಾರು ನಾಲ್ಕು, ವಸತಿ ಸಂಸ್ಥೆಗಳು ಕಡಿಮೆ ಆದಾಯದವರಿಗಾಗಿ ನಡೆಸುವ ಸಾಮಾಜಿಕ ಬಾಡಿಗೆ ಮನೆಗಳು. ಅದಕ್ಕೆ ಹೆಸರು ಬರೆಸಿದರೆ ಹತ್ತು ವರ್ಷಕ್ಕೂ ಮೇಲೆ ಕಾಯಬೇಕು. ನೆನ್ನೆ ವಿಮಾನ ಇಳಿದವನಿಗೆ ಉಳಿಯೋದು ಖಾಸಗಿ ಮನೆ ಮಾತ್ರ. ಅಲ್ಲೂ ಮಾಲೀಕರು ಸಾಮಾನ್ಯವಾಗಿ ಕೇಳೋದು ಬಾಡಿಗೆಯ ಮೂರರಿಂದ ನಾಲ್ಕು ಪಟ್ಟು ಸಂಬಳ. ಸ್ಯಾಲರಿ ಸ್ಲಿಪ್, ಕಂಪನಿಯ ಪತ್ರ, ಪಾಸ್‌ಪೋರ್ಟ್ ಎಲ್ಲ ಕೊಟ್ಟು, ಹತ್ತು ನಿಮಿಷ ಮನೆ ನೋಡಿ, ಆಮೇಲೆ ದೇವರ ಮೇಲೆ ಭಾರ.

ಇಂಥ ಕಡೆ ಮೋಸಗಾರರು ಸುಮ್ಮನಿರ್ತಾರಾ? ನನ್ನ ಗೆಳೆಯನಿಗೂ ಒಬ್ಬ ಸಿಕ್ಕಿದ್ದ. ಚಂದದ ಫೋಟೊ, ಕಡಿಮೆ ಬಾಡಿಗೆ. "ನಾನು ಈಗ ಬೇರೆ ದೇಶದಲ್ಲಿದ್ದೇನೆ, ಎರಡು ತಿಂಗಳ ಹಣ ಹಾಕಿ, ಕೀಲಿಕೈ ಕೊರಿಯರ್ ಮಾಡುತ್ತೇನೆ" ಅಂತ ಮೇಲ್. ಹಣ ಹಾಕಲು ಕೂತಿದ್ದ. ಪುಣ್ಯಕ್ಕೆ ಆಫೀಸಿನ ಡಚ್ ಸಹೋದ್ಯೋಗಿ ನೋಡಿ ಲ್ಯಾಪ್‌ಟಾಪ್ ಮುಚ್ಚಿದ. ಆ ಮನೆ ನಿಜವಾಗಿಯೂ ಇತ್ತು, ಮೇಲ್ ಕಳಿಸಿದವನಿಗೂ ಅದಕ್ಕೂ ಸಂಬಂಧ ಇರಲಿಲ್ಲ, ಅಷ್ಟೇ.

ಕೊನೆಗೆ ಯೋರ್ಡಾನ್‌ನ ಒಂದು ಓಣಿಯಲ್ಲಿ, ಮೂರನೇ ಮಹಡಿಯಲ್ಲಿ ಮನೆ ಸಿಕ್ಕಿತು. ಮಾಲೀಕ ನಿವೃತ್ತರಾದ ಒಬ್ಬ ಸಜ್ಜನ. ಬಾಡಿಗೆ ತಿಂಗಳಿಗೆ 1,700 ಯೂರೊ. ನಮ್ಮವನು ಎರಡನೇ ಮಾತಾಡದೆ ಸಹಿ ಹಾಕಿದ. ಅಕ್ಟೋಬರ್ 1ರಂದು ಒಳಗೆ ಹೋದ.

ಆ ಮನೆಯ ಮೆಟ್ಟಿಲಿನ ಬಗ್ಗೆ ಒಂದು ಮಾತು. ಅದು ಮೆಟ್ಟಿಲೋ ಏಣಿಯೋ ಅಂತ ನೀವು ವಾದ ಮಾಡಬಹುದು. ಅಷ್ಟು ಕಡಿದು, ಅಷ್ಟು ಕಿರಿದು. ಫ್ರಿಜ್ ಅದರಲ್ಲಿ ಹತ್ತಲ್ಲ. ಹಾಗಾಗಿ ಹಳೆಯ ಮನೆಗಳ ನೆತ್ತಿಯಲ್ಲಿ ಒಂದು ತೊಲೆ, ಅದರ ತುದಿಗೆ ಕೊಕ್ಕೆ ಇರುತ್ತದೆ. ಹಗ್ಗ ಕಟ್ಟಿ, ರಾಟೆ ಹಾಕಿ, ಸಾಮಾನನ್ನು ಬೀದಿಯಿಂದ ಎಳೆದು ಕಿಟಕಿಯೊಳಗೆ ತಳ್ಳುತ್ತಾರೆ. ಎಳೆಯುವಾಗ ಗೋಡೆಗೆ ಬಡಿಯಬಾರದು ಅಂತ ಎಷ್ಟೋ ಮನೆಗಳ ಮುಂಭಾಗವನ್ನೇ ಸ್ವಲ್ಪ ಮುಂದಕ್ಕೆ ಬಾಗಿಸಿ ಕಟ್ಟಿದ್ದಾರೆ. ಊರು ನಿಂತಿರೋದು ಜೌಗು ನೆಲದ ಮೇಲೆ, ಹಳೆಯ ಮನೆಗಳ ಕೆಳಗೆಲ್ಲ ಮರದ ಕಂಬಗಳು. ಡಾಮ್ ಚೌಕದ ಅರಮನೆಯೊಂದರ ಕೆಳಗೇ 13,659 ಕಂಬಗಳಿವೆ ಎಂದು ಅಲ್ಲಿನ ಮಕ್ಕಳಿಗೂ ಬಾಯಿಪಾಠ. ಕಂಬವನ್ನೂ ಬಿಡದೆ ಎಣಿಸುವ ಜನ ಇವರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಡಿಸೆಂಬರ್‌ನ ಒಂದು ಮಧ್ಯಾಹ್ನ ಅದೇ ಡಚ್ ಸಹೋದ್ಯೋಗಿ ಊಟದ ಹೊತ್ತಲ್ಲಿ ಕೇಳಿದನಂತೆ, "ನಿನ್ನ ಮನೆಗೆ ಎಷ್ಟು ಪಾಯಿಂಟ್?" ಇವನಿಗೆ ಅರ್ಥವೇ ಆಗಲಿಲ್ಲ. ಬಾಡಿಗೆ ಎಷ್ಟು ಅಂತ ಕೇಳ್ತಾರೆ, ಎಷ್ಟು ಚದರ ಅಂತ ಕೇಳ್ತಾರೆ. ಪಾಯಿಂಟ್ ಅಂದರೆ?

ಇಲ್ಲಿದೆ ನೋಡಿ ಇಡೀ ಕಥೆಯ ಕೀಲಿ.

ನೆದರ್‌ಲ್ಯಾಂಡ್ಸ್‌ನಲ್ಲಿ ಮನೆಗೆ ಪರೀಕ್ಷೆಯ ಥರ ಅಂಕ ಕೊಡುತ್ತಾರೆ. ಕೋಣೆಗಳ ಪ್ರತಿ ಚದರ ಮೀಟರ್‌ಗೆ 1 ಪಾಯಿಂಟ್. ಉಗ್ರಾಣದಂಥ ಜಾಗಕ್ಕೆ ಮುಕ್ಕಾಲು ಪಾಯಿಂಟ್. ಅಡುಗೆ ಕಟ್ಟೆಯನ್ನು ಟೇಪ್ ಹಿಡಿದು ಅಳೆಯುತ್ತಾರೆ, ಒಂದು ಮೀಟರ್ ದಾಟಿದರೆ 4, ಎರಡು ಮೀಟರ್ ಇದ್ದರೆ 7. ಶವರ್‌ಗೆ 4, ಬಾತ್ ಟಬ್‌ಗೆ 6. ಬಿಸಿ ಮಾಡುವ ವ್ಯವಸ್ಥೆ ಇರುವ ಪ್ರತಿ ಕೋಣೆಗೂ ಅಂಕ. ಮನೆ ಎಷ್ಟು ವಿದ್ಯುತ್ತು, ಎಷ್ಟು ಗ್ಯಾಸ್ ನುಂಗುತ್ತದೆ ಅನ್ನುವುದಕ್ಕೆ ಎನರ್ಜಿ ಲೇಬಲ್ ಇದೆ. ಲೇಬಲ್ ಒಳ್ಳೆಯದಿದ್ದರೆ ಅಂಕ ಸೇರುತ್ತದೆ, ತೀರಾ ಕೆಟ್ಟದಿದ್ದರೆ ಕಳೆಯುತ್ತದೆ. ಕೊನೆಗೆ ಮನೆಯ ಸರ್ಕಾರಿ ಮೌಲ್ಯ. ನಗರಸಭೆ ತೆರಿಗೆಗಾಗಿ ಪ್ರತಿ ವರ್ಷ ಪ್ರತಿ ಮನೆಗೂ ಬೆಲೆ ಕಟ್ಟುತ್ತದೆ, ಅದಕ್ಕೂ ಅಂಕ. ಇವೆಲ್ಲ ಕೂಡಿಸಿದರೆ ಒಂದು ಮೊತ್ತ. ಆ ಮೊತ್ತಕ್ಕೆ ಇಷ್ಟೇ ಗರಿಷ್ಠ ಬಾಡಿಗೆ ಅಂತ ಸರ್ಕಾರದ ಪಟ್ಟಿ ಹೇಳುತ್ತದೆ.

ಈ ಪದ್ಧತಿ 1970ರ ದಶಕದಿಂದ ಇದೆ. ಆದರೆ ಮೊದಲೆಲ್ಲ ಇದು ರಕ್ಷಿಸುತ್ತಿದ್ದದ್ದು ಕಡಿಮೆ ಅಂಕದ ಮನೆಗಳನ್ನು ಮಾತ್ರ. ಒಂದು ಗೆರೆ ದಾಟಿತೋ, ಮನೆ 'ಮುಕ್ತ ಮಾರುಕಟ್ಟೆ'ಗೆ ಬಿತ್ತು, ಮಾಲೀಕ ಕೇಳಿದ್ದೇ ಬಾಡಿಗೆ. 2024ರ ಜುಲೈ 1ರಂದು ಕೈಗೆಟುಕುವ ಬಾಡಿಗೆ ಕಾಯ್ದೆ ಜಾರಿಗೆ ಬಂತು. ಅಲ್ಲಿಂದ ಹೊಸ ಒಪ್ಪಂದಗಳಿಗೆ ಮೂರು ಮೆಟ್ಟಿಲು. 143 ಪಾಯಿಂಟ್‌ವರೆಗೆ ಸಾಮಾಜಿಕ ಬಾಡಿಗೆ, ಆ ವರ್ಷದ ಗರಿಷ್ಠ 879.66 ಯೂರೊ. 144ರಿಂದ 186ರವರೆಗೆ ಮಧ್ಯಮ ಬಾಡಿಗೆ, ಗರಿಷ್ಠ 1,157.95 ಯೂರೊ. 187 ದಾಟಿದರೆ ಮಾತ್ರ ಮುಕ್ತ.

ಈಗ ನಿಮಗೊಂದು ಅನುಮಾನ ಬರಬೇಕು. ಊರ ನಡುವಿನ ಮನೆಗೆ ಸರ್ಕಾರಿ ಮೌಲ್ಯವೇ ಆಕಾಶದಲ್ಲಿರುತ್ತದಲ್ಲ, ಅದರ ಅಂಕದಿಂದಲೇ ಇಲಿ ಬಿಲದಂಥ ಮನೆಯೂ 187 ದಾಟಿಬಿಡಲ್ವಾ? ಒಳ್ಳೆ ಪ್ರಶ್ನೆ. ಅದಕ್ಕೂ ಬೇಲಿ ಇದೆ. ಮೊತ್ತ 187 ಅಥವಾ ಹೆಚ್ಚಾದರೆ, ಮೌಲ್ಯದಿಂದ ಬಂದ ಅಂಕ ಒಟ್ಟು ಅಂಕದ ಶೇ. 33 ಮೀರುವಂತಿಲ್ಲ. ಹಾಗೆ ಕತ್ತರಿಸಿದಾಗ ಮೊತ್ತ 187ಕ್ಕಿಂತ ಕೆಳಗಿಳಿದರೆ ಆ ಮನೆಗೆ 186 ಅಂಕ. ಅಂದರೆ ಬರೀ ವಿಳಾಸ ತೋರಿಸಿ ಮುಕ್ತ ಮಾರುಕಟ್ಟೆಗೆ ಹಾರುವಂತಿಲ್ಲ. ವಿಳಾಸ ಮಲಗಲು ಜಾಗ ಕೊಡಲ್ಲ ಸ್ವಾಮಿ, ಚದರ ಮೀಟರ್ ಕೊಡುತ್ತದೆ.

ಇಂಜಿನಿಯರ್‌ಗೆ ಸೂತ್ರ ಕೊಟ್ಟರೆ ಬಿಡ್ತಾನಾ? ಅವತ್ತು ರಾತ್ರಿ ನಮ್ಮವನು ಟೇಪ್ ತಂದು ಮನೆಯಿಡೀ ಅಳೆದ. ಮನೆಯ ಸರ್ಕಾರಿ ಮೌಲ್ಯ ಅಲ್ಲಿ ಗುಟ್ಟಲ್ಲ, ಯಾರ ಮನೆಯದ್ದಾದರೂ ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು. ಎನರ್ಜಿ ಲೇಬಲ್ಲೂ ಹಾಗೇ. ಲೆಕ್ಕ ಹಾಕುವ ಸಾಧನ ಬಾಡಿಗೆ ಆಯೋಗದ ವೆಬ್‌ಸೈಟ್‌ನಲ್ಲೇ ಇದೆ. ಒಂದು ಗಂಟೆಯಲ್ಲಿ ಉತ್ತರ ಬಂತು: 164 ಪಾಯಿಂಟ್. ಗರಿಷ್ಠ ಬಾಡಿಗೆ ಸುಮಾರು 1,015 ಯೂರೊ. ಸಂರಕ್ಷಿತ ನಗರಪ್ರದೇಶದಲ್ಲಿರುವ, 1945ಕ್ಕೆ ಮೊದಲು ಕಟ್ಟಿದ ಮನೆಗೆ ಶೇ. 5 ಹೆಚ್ಚು ಪಡೆಯಬಹುದು, ಅದನ್ನೂ ಸೇರಿಸಿದರೆ ಸುಮಾರು 1,066. ಇವನು ಕೊಡುತ್ತಿದ್ದದ್ದು 1,700.

ತಿಂಗಳಿಗೆ 634 ಯೂರೊ ವ್ಯತ್ಯಾಸ! ಆಗ ಯೂರೊಗೆ ಸುಮಾರು 90 ರೂಪಾಯಿ, ಲೆಕ್ಕ ಹಾಕಿ ನೋಡಿ. 57 ಸಾವಿರ.

ನನಗೆ ಫೋನ್ ಮಾಡಿದ. ಖುಷಿಯಲ್ಲಿರ್ತಾನೆ ಅಂದುಕೊಂಡೆ. ಇಲ್ಲ, ಹೆದರಿದ್ದ. "ಲೋ, ಕಂಪ್ಲೇಂಟ್ ಕೊಟ್ಟರೆ ಓನರ್ ಮನೆ ಬಿಡಿಸಿದ್ರೆ? ಜನವರಿಗೆ ಮಗು ಬರ್ತಿದೆ. ಪರದೇಶ ಕಣೋ. ನಾನಾಗಿ ಒಪ್ಪಿ ಸಹಿ ಹಾಕಿದ್ದೀನಿ. ಈಗ ಕೇಳೋದು ತಪ್ಪಲ್ವಾ?"

ಈ ಮಾತು ನಿಮಗೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ರಕ್ತದಲ್ಲೇ ಇದೆ ಇದು. ಮನೆ ಮಾಲೀಕ ಅಂದರೆ ದೊಡ್ಡವನು, ಬಾಡಿಗೆದಾರ ಅಂದರೆ ಋಣದಲ್ಲಿರುವವನು. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಹನ್ನೊಂದು ತಿಂಗಳ ಅಗ್ರಿಮೆಂಟ್‌ಗೆ ಸಹಿ ಹಾಕಿ, ಬಿಡುವಾಗ ಪೇಂಟಿಂಗ್ ಹಣ ಕೊಟ್ಟು, ಥ್ಯಾಂಕ್ಸ್ ಹೇಳಿ ಬಂದವರು ನಾವು. ಆ ಹನ್ನೊಂದು ತಿಂಗಳು ಯಾಕೆ ಗೊತ್ತಲ್ಲ? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅದನ್ನು ತಪ್ಪಿಸೋಕೆ ಹನ್ನೊಂದು. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ತಂದು, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಅಂತ ರಾಜ್ಯಗಳ ಮುಂದಿಟ್ಟಿತು. ಎರಡು ತಿಂಗಳಿಗೆ ಮನೆ ಕೊಡುವ ಮಾಲೀಕರು ನಿಮ್ಮ ಬೀದಿಯಲ್ಲಿ ಎಷ್ಟು ಜನ ಇದ್ದಾರೆ, ನೀವೇ ಹೇಳಿ. ಈ ಅಭ್ಯಾಸವನ್ನು ನಾವು ಚಟ್ನಿಪುಡಿ, ಉಪ್ಪಿನಕಾಯಿ ಜೊತೆ ಸೂಟ್‌ಕೇಸ್‌ನಲ್ಲಿ ಕಟ್ಟಿಕೊಂಡು ಹೋಗುತ್ತೇವೆ.

ಆದರೆ ಅಲ್ಲಿನ ಕಾನೂನು ಬೇರೆ ಮಾತಾಡುತ್ತದೆ. ಒಪ್ಪಿ ಸಹಿ ಹಾಕಿದ್ದರೂ ಪಾಯಿಂಟ್ ಮೀರಿದ ಬಾಡಿಗೆಯನ್ನು ಪ್ರಶ್ನಿಸಬಹುದು. ಮುಕ್ತ ಬಾಡಿಗೆ ಎಂದು ಬರೆದ ಒಪ್ಪಂದವಾದರೆ ಮೊದಲ ಆರು ತಿಂಗಳೊಳಗೆ ಕೇಳಬೇಕು, ಈ ಗಡುವು ಮರೆಯಬಾರದು. ಕೇಳಿದ್ದಕ್ಕೆ ಮನೆ ಬಿಡಿಸುವಂತಿಲ್ಲ. 2024ರ ಜುಲೈ 1ರಿಂದಲೇ ಹೊಸ ಒಪ್ಪಂದಗಳೆಲ್ಲ ಅನಿರ್ದಿಷ್ಟ ಅವಧಿಯವು, ವಿದ್ಯಾರ್ಥಿಗಳಂಥ ಕೆಲವು ವಿನಾಯಿತಿ ಬಿಟ್ಟರೆ. ಬಾಡಿಗೆದಾರ ಒಪ್ಪದಿದ್ದರೆ ಮಾಲೀಕ ಕಾನೂನು ಹೇಳಿದ ಕಾರಣ ಹಿಡಿದು ಕೋರ್ಟಿಗೇ ಹೋಗಬೇಕು. ಹುಡುಗ ಲೆಕ್ಕ ಕೇಳಿದ ಅನ್ನೋದು ಅಲ್ಲಿ ಕಾರಣವೇ ಅಲ್ಲ.

ಈ ಹಕ್ಕು ಯಾರೋ ಪುಣ್ಯಾತ್ಮ ದಾನ ಕೊಟ್ಟಿದ್ದಲ್ಲ. ಯೋರ್ಡಾನ್‌ನಂಥ ಬಡಾವಣೆಗಳ ಗತಿ ನೋಡಿ 1901ರಲ್ಲಿ ಡಚ್ಚರು ವಸತಿ ಕಾಯ್ದೆ ಮಾಡಿದರು. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಬಾಡಿಗೆ ಆಯೋಗಗಳು ಹುಟ್ಟಿದವು. 1934ರ ಜುಲೈನಲ್ಲಿ ನಿರುದ್ಯೋಗ ಭತ್ಯೆ ಕಡಿತ ಮಾಡಿದ್ದಕ್ಕೆ ಇದೇ ಯೋರ್ಡಾನ್ ದಂಗೆ ಎದ್ದಿತು, ಜನ ಸತ್ತರು. 1970ರ ದಶಕದಲ್ಲಿ ಹಳೆಯ ಬಡಾವಣೆಗಳನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಗಳ ವಿರುದ್ಧ ನಿವಾಸಿಗಳು ನಿಂತರು. 1980ರ ಏಪ್ರಿಲ್ 30ರಂದು ರಾಣಿ ಬಿಯಾಟ್ರಿಕ್ಸ್ ಪಟ್ಟಕ್ಕೇರುವ ದಿನ, ಮನೆಯಿಲ್ಲದಿದ್ದರೆ ಪಟ್ಟವೂ ಇಲ್ಲ ಎಂಬ ಘೋಷಣೆಯೊಂದಿಗೆ ಆಮ್‌ಸ್ಟರ್‌ಡ್ಯಾಮ್ ಬೀದಿಗಳಲ್ಲಿ ಪೊಲೀಸರೊಂದಿಗೆ ಘರ್ಷಣೆ ನಡೆಯಿತು. 2021ರ ಸೆಪ್ಟೆಂಬರ್ 12ರಂದು ಸಾವಿರಾರು ಜನ ಮತ್ತೆ ಬೀದಿಗಿಳಿದರು, ಮತ್ತೆ ಮನೆಗಾಗಿ. ಕಂಬ ಎಣಿಸುವ ಜನ ಅಂದೆನಲ್ಲ, ಪಾಯಿಂಟ್ ಎಣಿಸೋದನ್ನೂ ಜಗಳ ಆಡಿಯೇ ಉಳಿಸಿಕೊಂಡಿದ್ದಾರೆ.

ನಮ್ಮವನು ಮೊದಲು ಮಾಲೀಕರಿಗೇ ವಿನಯವಾಗಿ ಒಂದು ಪತ್ರ ಬರೆದ. "ಮಾರುಕಟ್ಟೆಯ ಬಾಡಿಗೆ ಇದೇ" ಅಂತ ಉತ್ತರ ಬಂತು. ಊರಲ್ಲಿ ವೋನ್ ಎಂಬ ಸಂಸ್ಥೆ ಇದೆ, ಬಾಡಿಗೆದಾರರಿಗೆ ಉಚಿತ ಸಲಹೆ ಕೊಡುತ್ತದೆ. ಅವರ ಹತ್ತಿರ ಹೋಗಿ ಲೆಕ್ಕ ತೋರಿಸಿ, ಅದೇ ತಿಂಗಳು ಆಯೋಗಕ್ಕೆ ಅರ್ಜಿ ಹಾಕಿದ. ಶುಲ್ಕ 25 ಯೂರೊ, ಗೆದ್ದರೆ ಅದೂ ವಾಪಸ್. ವಕೀಲ ಬೇಕಿಲ್ಲ. ತಿಂಗಳುಗಳೇ ಹಿಡಿದವು. ಆಯೋಗದ ತನಿಖಾಧಿಕಾರಿ ಬಂದು ಅಳೆದರು. ಇವನು ಬಿಟ್ಟಿದ್ದ ಒಂದು ಮೂಲೆಯನ್ನೂ ಸೇರಿಸಿ 167 ಪಾಯಿಂಟ್ ಅಂದರು. ನೋಡಿ, ಬಾಡಿಗೆದಾರನ ಪರ ಅಂತ ಅಂಕ ಕಡಿಮೆ ಮಾಡಲಿಲ್ಲ, ಮಾಲೀಕನಿಗೆ ಸಿಗಬೇಕಾದ 3 ಪಾಯಿಂಟ್ ಕೊಟ್ಟರು. ಬಾಡಿಗೆ ಸುಮಾರು 1,087 ಯೂರೊಗೆ ಇಳಿಯಿತು, ಅದೂ ಒಪ್ಪಂದದ ಮೊದಲ ದಿನದಿಂದ. ಒಂಬತ್ತು ತಿಂಗಳ ಹೆಚ್ಚುವರಿ ಹಣ, ಐದೂವರೆ ಸಾವಿರ ಯೂರೊ, ಮಾಲೀಕರು ಹಿಂದಿರುಗಿಸಬೇಕು. ಒಪ್ಪದವರು ಎಂಟು ವಾರದೊಳಗೆ ಕೋರ್ಟಿಗೆ ಹೋಗಬಹುದು. ಯಾರೂ ಹೋಗದಿದ್ದರೆ ಆ ತೀರ್ಮಾನಕ್ಕೆ ಇಬ್ಬರೂ ಬದ್ಧ. ಮಾಲೀಕರು ಹೋಗಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಚಪ್ಪಾಳೆ ಹೊಡೆದು ಎದ್ದುಬಿಡಬಹುದಿತ್ತು. ಟಿವಿಯಲ್ಲಾದರೆ ಬ್ರೇಕ್‌ಗೆ ಹೋಗುತ್ತಿದ್ದೆ. ಆದರೆ ಇನ್ನೊಂದು ಬದಿ ಇದೆ, ಅದನ್ನು ಹೇಳದಿದ್ದರೆ ಅರ್ಧ ಸುಳ್ಳಾಗುತ್ತದೆ.

ಹಣ ಹಿಂದಿರುಗಿಸಿದ ದಿನ ಮಾಲೀಕರು ಮೆಟ್ಟಿಲು ಹತ್ತಿ ಬಂದರಂತೆ. ಸಿಟ್ಟು ಮಾಡಲಿಲ್ಲ. "ಈ ಮನೆ ನನ್ನ ಪಿಂಚಣಿಯ ಭಾಗ. ರಿಪೇರಿ, ತೆರಿಗೆ ಕಳೆದರೆ ಈಗ ಉಳಿಯೋದು ಕಡಿಮೆ. ನೀನು ಇರುವಷ್ಟು ದಿನ ಇರು. ಆಮೇಲೆ ಬಾಡಿಗೆಗೆ ಕೊಡಲ್ಲ, ಮಾರುತ್ತೇನೆ" ಅಂದರು. ಅವರೊಬ್ಬರೇ ಅಲ್ಲ. ಕಾಯ್ದೆಯ ಆಸುಪಾಸಿನಲ್ಲಿ ಹೂಡಿಕೆದಾರರು ಕೊಂಡಿದ್ದಕ್ಕಿಂತ ಮಾರಿದ ಬಾಡಿಗೆ ಮನೆಗಳೇ ಹೆಚ್ಚು. ಬಾಡಿಗೆಗೆ ಕೊಡಲು ಮನೆ ಕೊಳ್ಳುವವನಿಗೆ 2023ರಿಂದ 2025ರವರೆಗೆ ಖರೀದಿ ತೆರಿಗೆಯೇ ಶೇ. 10.4 ಇತ್ತು, 2026ರಿಂದ ಅದು ಶೇ. 8. ಬಡ್ಡಿ ಏರಿತ್ತು. ಈಗ ಬಾಡಿಗೆಗೂ ಮಿತಿ. ಹಾಗಾದರೆ ಮಾರಿಬಿಡೋಣ ಅನ್ನುವ ಲೆಕ್ಕ ಅವರದ್ದು.

ಮಾರಿದ ಮನೆ ಮಾಯವಾಗಲ್ಲ, ನಿಜ. ಬಹಳ ಸಲ ಅಲ್ಲಿನದೇ ಒಂದು ಯುವ ಜೋಡಿ ಸಾಲ ಮಾಡಿ ಕೊಳ್ಳುತ್ತದೆ, ಅವರಿಗೂ ಸೂರು ಬೇಕಲ್ಲ. ಆದರೆ ಹೊಸದಾಗಿ ಬಂದಿಳಿಯುವವನಿಗೆ ಬಾಡಿಗೆ ಬೋರ್ಡು ಒಂದು ಕಡಿಮೆಯಾಯಿತು. ನನ್ನ ಗೆಳೆಯನ ಆಫೀಸಿಗೆ ಹೋದ ವರ್ಷ ಹುಬ್ಬಳ್ಳಿಯ ಒಬ್ಬ ಹುಡುಗ ಸೇರಿದ. ಮೂರು ತಿಂಗಳು ಹುಡುಕಿದರೂ ಊರೊಳಗೆ ಮನೆ ಸಿಗಲಿಲ್ಲ. ಕೊನೆಗೆ ದೂರದ ಒಂದು ಊರಲ್ಲಿ ಕೋಣೆ ಹಿಡಿದು ರೈಲಿನಲ್ಲಿ ಓಡಾಡುತ್ತಿದ್ದಾನೆ. ಕಾನೂನು ಒಳಗಿದ್ದವನಿಗೆ ಛತ್ರಿ ಹಿಡಿಯಿತು. ಹೊರಗಿದ್ದವನು ಇನ್ನೂ ಮಳೆಯಲ್ಲೇ ಇದ್ದಾನೆ.

ಹಾಗಂತ ಛತ್ರಿ ತಪ್ಪಾ? ನಾನು ಹಾಗನ್ನಲ್ಲ. ಛತ್ರಿ ಕಿತ್ತುಕೊಂಡರೆ ಮಳೆ ನಿಲ್ಲಲ್ಲ, ಇಬ್ಬರೂ ನೆನೆಯುತ್ತಾರೆ. ಮಳೆಗೆ ಪರಿಹಾರ ಸೂರು, ಅಂದರೆ ಇನ್ನಷ್ಟು ಮನೆ ಕಟ್ಟೋದು. ಆ 4 ಲಕ್ಷದ ಕೊರತೆಯನ್ನು ಯಾವ ಪಾಯಿಂಟ್ ಪಟ್ಟಿಯೂ ತುಂಬಿಕೊಡಲ್ಲ. ಬಾಡಿಗೆಗೆ ಮಿತಿ ಹಾಕಿ ಕಟ್ಟುವುದನ್ನು ಮರೆತರೆ ನ್ಯಾಯ ಒಳಗಿದ್ದವರ ಸೊತ್ತಾಗುತ್ತದೆ. ಮಿತಿಯನ್ನೇ ತೆಗೆದು ಮಾರುಕಟ್ಟೆಗೆ ಬಿಟ್ಟರೆ ಊರಿನ ನಡುಭಾಗ ಶ್ರೀಮಂತರ ಸೊತ್ತಾಗುತ್ತದೆ. ಡಚ್ಚರು ಈಗ ಈ ಎರಡರ ನಡುವೆ ಸಿಕ್ಕಿದ್ದಾರೆ, ಜಗಳ ಆಡುತ್ತಿದ್ದಾರೆ. ಆಡಲಿ. ಅವರಿಗೆ ಅಭ್ಯಾಸ ಇದೆ.

ನಮ್ಮ ಹುಡುಗರಿಗೆ ನಾನು ಹೇಳೋದು ಇಷ್ಟು. ಅಲ್ಲಿ ಮನೆ ನೋಡಲು ಹೋದಾಗ ಕೆಲವು ಪ್ರಶ್ನೆ ಕೇಳೋಕೆ ನಾಚಿಕೆ ಬೇಡ. ಈ ವಿಳಾಸಕ್ಕೆ ನಗರಸಭೆಯಲ್ಲಿ ಹೆಸರು ನೋಂದಾಯಿಸಬಹುದಾ? ನಾಲ್ಕು ತಿಂಗಳಿಗಿಂತ ಹೆಚ್ಚು ಇರುವವರು ಬಂದ ಐದು ದಿನದೊಳಗೆ ನೋಂದಾಯಿಸಬೇಕು, ನಾಗರಿಕ ಸಂಖ್ಯೆ ಸಿಗೋದು ಅದರಿಂದಲೇ, ಅದಿಲ್ಲದೆ ಸಂಬಳದ ವ್ಯವಹಾರವೂ ಕಷ್ಟ. "ನೋಂದಣಿ ಬೇಡ" ಅನ್ನುವ ಮಾಲೀಕನಲ್ಲಿ ಏನೋ ಹುಳುಕಿದೆ ಅಂತಲೇ ಅರ್ಥ. ಠೇವಣಿ ಎಷ್ಟು? 2023ರ ಜುಲೈ 1ರಿಂದ ಮೂಲ ಬಾಡಿಗೆಯ ಎರಡು ತಿಂಗಳಿಗಿಂತ ಹೆಚ್ಚು ಕೇಳುವಂತಿಲ್ಲ. ಬಿಟ್ಟ ಮೇಲೆ 14 ದಿನದಲ್ಲಿ, ಏನಾದರೂ ಕಡಿತ ಇದ್ದರೆ 30 ದಿನದಲ್ಲಿ ಲೆಕ್ಕ ಚುಕ್ತಾ ಆಗಬೇಕು. ಬ್ರೋಕರ್ ಕಮಿಷನ್? ಅವನು ಮಾಲೀಕನ ಪರ ಕೆಲಸ ಮಾಡುತ್ತಿದ್ದರೆ ನಿಮ್ಮಿಂದ ಪಡೆಯುವಂತಿಲ್ಲ. ಮೂವರು ಗೆಳೆಯರು ಸೇರಿ ಮನೆ ಹಿಡಿಯೋಣ ಅಂತಿದ್ದೀರಾ? ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅದಕ್ಕೆ ಪರವಾನಗಿ ಬೇಕು, ಇದೆಯಾ ಅಂತ ಮೊದಲೇ ಕೇಳಿ. ಕೀಲಿಕೈ ನೋಡದೆ ಹಣ ಹಾಕಬೇಡಿ. ಕೊನೆಗೆ, ಪಾಯಿಂಟ್ ಎಷ್ಟು? 2025ರ ಜನವರಿ 1ರಿಂದ ಹೊಸ ಒಪ್ಪಂದದ ಜೊತೆ ಪಾಯಿಂಟ್ ಪಟ್ಟಿ ಲಗತ್ತಿಸೋದು ಮಾಲೀಕನ ಕರ್ತವ್ಯ. ನಿಮ್ಮ ಟೇಪ್ ನಿಮ್ಮ ಜೇಬಲ್ಲಿರಲಿ.

ಮೊನ್ನೆ ಗೆಳೆಯ ಮತ್ತೊಂದು ವಿಡಿಯೊ ಕಳಿಸಿದ್ದ. ಮಗಳಿಗೆ ಒಂದು ಪುಟ್ಟ ಮಂಚ ಕೊಂಡಿದ್ದಾರೆ. ಮೆಟ್ಟಿಲಲ್ಲಿ ಹತ್ತಲಿಲ್ಲ. ಮನೆಯ ನೆತ್ತಿಯ ಕೊಕ್ಕೆಗೆ ಹಗ್ಗ ಕಟ್ಟಿ ಬೀದಿಯಿಂದ ಎಳೆಯುತ್ತಿದ್ದಾರೆ. ಕೆಳಗೆ ಹಗ್ಗ ಹಿಡಿದವರಲ್ಲಿ ಆ ಹುಬ್ಬಳ್ಳಿ ಹುಡುಗನೂ ಇದ್ದ, ರಜೆಯ ದಿನ ರೈಲು ಹತ್ತಿ ಬಂದಿದ್ದ. ಮೇಲೆ ಕಿಟಕಿಯಲ್ಲಿ ಮಗು ಚಪ್ಪಾಳೆ ತಟ್ಟುತ್ತಿತ್ತು. ಮಂಚ ಒಳಗೆ ಹೋಯ್ತು. ಹುಡುಗ ಕೈ ಉಜ್ಜಿಕೊಳ್ಳುತ್ತಾ ಎದುರು ಮನೆ ನೋಡಿ ಕೇಳಿದ, "ಸರ್, ಅದು ಖಾಲಿ ಇದೆಯಾ?"

ಎದುರು ಮನೆಯ ಕಿಟಕಿಯಲ್ಲಿ ಬೋರ್ಡಿತ್ತು. ಬಾಡಿಗೆಗಲ್ಲ, ಮಾರಾಟಕ್ಕೆ.